ಎಸ್‌ಎಸ್‌ಪಿಇ: ಹೊಲ ಮಾರುವ ಮುನ್ನ

ಇಪ್ಪತ್ನಾಲ್ಕು ವರ್ಷದ ಮೈದುನನಿಗೆ ಎಸ್‌ಎಸ್‌ಪಿಇ, ಅಂದರೆ ಚಿಕ್ಕಂದಿನ ದಡಾರದ ವೈರಸ್ ವರ್ಷಗಳ ನಂತರ ಮಿದುಳನ್ನು ಹಾಳುಮಾಡುವ ಕಾಯಿಲೆ ಎಂದು ಗೊತ್ತಾಗಿದೆ, ಹೊಲ ಮಾರಿಯಾದರೂ ವೈರಸ್ ವಿರುದ್ಧದ ಇಂಟರ್‌ಫೆರಾನ್ ಔಷಧಿ ಕೊಡಿಸಬೇಕೇ ಎಂದು ಕೇಳಿದ್ದೀರಿ. ನಾನು ಗಂಗಾವತಿಯವಳು, ಡಾಕ್ಟರ್ ಅಲ್ಲ. ಇದೇ ಕಾಯಿಲೆಯಲ್ಲಿ ತಮ್ಮನನ್ನು ಕಳೆದುಕೊಂಡವಳು.

ಅವನು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಮೊದಲು ಕೂಡಿಸುವುದರಲ್ಲಿ ತಪ್ಪತೊಡಗಿದ. ಆಮೇಲೆ ಕೂತಲ್ಲೇ ಮೈ ಜಗ್ಗಿ, ಕೈಯಲ್ಲಿದ್ದ ಚಹಾದ ಲೋಟ ಬೀಳುತ್ತಿತ್ತು. ಊರಿನ ವೈದ್ಯರೊಬ್ಬರು ಮನಸ್ಸಿನ ಕಾಯಿಲೆ ಎಂದರು. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದಮೇಲೆಯೇ ನಿಜ ಗೊತ್ತಾಯಿತು. ಮಿದುಳಿನ ವಿದ್ಯುತ್ ಅಲೆಗಳನ್ನು ತೋರಿಸುವ ಇಇಜಿ ಪರೀಕ್ಷೆಯಲ್ಲಿ ಕೆಲವು ಸೆಕೆಂಡಿಗೊಮ್ಮೆ ಒಂದೇ ತೆರನಾದ ಎತ್ತರದ ಅಲೆಗಳು. ಬೆನ್ನಿನಿಂದ ತೆಗೆದ ನೀರಿನಲ್ಲಿ ದಡಾರದ ಪ್ರತಿಕಾಯಗಳು, ಅಂದರೆ ಆ ವೈರಸ್ ವಿರುದ್ಧ ಮೈ ತಯಾರಿಸಿದ ಅಂಶಗಳು. ಚಿಕ್ಕಂದಿನಲ್ಲಿ ಗೊಬ್ಬರ, ಅಂದರೆ ದಡಾರ, ಎದ್ದಿತ್ತೇ ಎಂದು ಡಾಕ್ಟರ್ ಕೇಳಿದರು. ಹತ್ತು ತಿಂಗಳ ಕೂಸಾಗಿದ್ದಾಗ ಎಂದಳು ಅವ್ವ. ಎರಡು ವರ್ಷದೊಳಗೆ ದಡಾರ ಬಂದವರಿಗೇ ಇದರ ಅಪಾಯ ಹೆಚ್ಚು. ವೈರಸ್ ಮಿದುಳಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಕಾಯಿಲೆಯನ್ನು ಬೇರುಸಹಿತ ಕೀಳುವ ಔಷಧಿ ಇಲ್ಲ. ಕೆಲವರಲ್ಲಿ ಕಾಯಿಲೆಯನ್ನು ನಿಧಾನಿಸುವ ಐಸೊಪ್ರಿನೋಸಿನ್ ಮಾತ್ರೆ ಇದೆ. ಇಂಟರ್‌ಫೆರಾನನ್ನು ತಲೆಯ ಚರ್ಮದಡಿ ಕೂರಿಸಿದ ಪುಟ್ಟ ಚೀಲದ ಮೂಲಕ ಮಿದುಳಿನ ನೀರಿಗೇ ಕೊಡುತ್ತಾರೆ. ಅದರಿಂದ ಜ್ವರ, ಸೋಂಕು ಬರಬಹುದು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಾತ್ರೆಯೊಂದನ್ನೇ ಪಡೆದವರಲ್ಲೂ ಇಂಟರ್‌ಫೆರಾನ್ ಸೇರಿಸಿ ಪಡೆದವರಲ್ಲೂ ಸುಮಾರು ಮೂರನೇ ಒಂದು ಪಾಲು ಜನರ ಸ್ಥಿತಿ ನಿಂತಿತು ಅಥವಾ ಸುಧಾರಿಸಿತು. ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಇಂಟರ್‌ಫೆರಾನ್‌ಗಾಗಿ ಹೊಲ ಮಾರಬೇಡಿ. ಮಾತ್ರೆಯ ಬಗ್ಗೆ ನರರೋಗ ತಜ್ಞರನ್ನು ಬೇಗ ಕೇಳಿ. ಅದು ರಕ್ತದಲ್ಲಿ ಯೂರಿಕ್ ಆಮ್ಲ ಏರಿಸುತ್ತದೆ, ಪರೀಕ್ಷೆ ಮಾಡಿಸುತ್ತಿರಬೇಕು.

ನಮ್ಮ ಮನೆಯಲ್ಲಿ ನಿಜವಾಗಿ ನೆಮ್ಮದಿ ತಂದದ್ದು ಜಗ್ಗಾಟಕ್ಕೆ ಕೊಟ್ಟ ಮಾತ್ರೆ. ನಮ್ಮವನಿಗೆ ಕಾರ್ಬಮಜೆಪಿನ್ ಹಿಡಿಸಿತು, ಕೆಲವರಿಗೆ ಕ್ಲೊನಜೆಪಾಮ್ ಅಥವಾ ಬೇರೆ ಯಾವುದೋ. ಖರ್ಚು ಕಡಿಮೆ, ಆದರೆ ಒಂದು ಹೊತ್ತೂ ತಪ್ಪಿಸಬಾರದು. ಅದು ಶುರುವಾದ ಮೇಲೆ ತಿಂಗಳುಗಟ್ಟಲೆ ಅವನು ತಾನೇ ರೊಟ್ಟಿ ಮುರಿದು ತಿಂದ. ನುಂಗಲು ಕಷ್ಟವಾದಾಗ ಒಂದು ಜಗ್ಗು ಮುಗಿಯುವುದನ್ನೇ ಕಾದು, ತಲೆ ಎತ್ತಿ ಹಿಡಿದು, ಗಂಜಿಯ ಚಮಚ ಇಡುತ್ತಿದ್ದೆವು.

ಮನೆಯ ಮಕ್ಕಳನ್ನು ನಿಮ್ಮ ಮೈದುನನಿಂದ ದೂರ ಇಡಬೇಡಿ. ಈ ಕಾಯಿಲೆ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ನನ್ನ ಮಗಳು ಕೊನೆಯವರೆಗೂ ಮಾವನ ಮಂಚದ ಮೇಲೆಯೇ ಕುಳಿತು ಪಾಠ ಓದುತ್ತಿದ್ದಳು.