ಲಸಿಕೆ ಬೇಡವೆಂದ ಆರೈಕೆದಾರರೊಬ್ಬರ ಪ್ರಕರಣ

ವೃದ್ಧಾಶ್ರಮಗಳಲ್ಲಿ ದುಡಿಯುವವರು ಫ್ಲೂ ಲಸಿಕೆ ಬೇಡವೆಂದರೆ ಅದನ್ನು ಅಜ್ಞಾನವೆಂದೋ ಹಟವೆಂದೋ ಎಣಿಸಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕಳುಹಿಸುವುದು ಮತ್ತೆ ಮತ್ತೆ ನಡೆಯುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಆಕೆ ಹಲವು ವರ್ಷಗಳಿಂದ ರಾತ್ರಿ ಪಾಳಿಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುತ್ತಿದ್ದರು. ಮೊದಲ ಎರಡು ಭೇಟಿಗಳಲ್ಲಿ, "ಹಾಕಿಸಿಕೊಂಡರೇ ಜ್ವರ ಬರುತ್ತದಂತೆ" ಎಂಬುದನ್ನು ಬಿಟ್ಟು ಹೆಚ್ಚೇನೂ ಹೇಳಲಿಲ್ಲ. ಫ್ಲೂ ಚುಚ್ಚುಮದ್ದಿನಲ್ಲಿ ಜೀವಂತ ವೈರಾಣು ಇರುವುದಿಲ್ಲ, ಒಂದೆರಡು ದಿನ ತೋಳುನೋವೋ ಸಣ್ಣ ಜ್ವರವೋ ಬಂದರೂ ಅದು ಫ್ಲೂ ಅಲ್ಲ ಎಂದು ವಿವರಿಸಿದೆ. ತಲೆಯಾಡಿಸಿದರು, ಆದರೆ ಒಪ್ಪಲಿಲ್ಲ.

ಮೂರನೆಯ ಭೇಟಿಯಲ್ಲಿ ಲಸಿಕೆಯ ಮಾತನ್ನೇ ಎತ್ತದೆ, ಕೆಲಸದಲ್ಲಿ ಯಾರ ನೆನಪು ಹೆಚ್ಚು ಕಾಡುತ್ತದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಹಿಂದಿನ ವರ್ಷ ಫ್ಲೂ ಹರಡಿದಾಗ ತೀರಿಕೊಂಡ ಅಜ್ಜಿಯೊಬ್ಬರ ವಿಷಯ ತೆಗೆದರು. ಆ ವಾರದ ಸಭೆಯಲ್ಲಿ ಮೇಲ್ವಿಚಾರಕರು, ರೋಗವನ್ನು ಹೊರಗಿನಿಂದ ತಂದವರು ಸಿಬ್ಬಂದಿಯೇ ಎಂದು ಹೇಳಿ, ಲಸಿಕೆ ಪಡೆಯದವರ ಹೆಸರುಗಳನ್ನು ಗೋಡೆಗೆ ಅಂಟಿಸಿದ್ದರಂತೆ. "ಮೇಡಂ, ಈಗ ನಾನು ಹಾಕಿಸಿಕೊಂಡರೆ, ಅಜ್ಜಿ ಹೋದದ್ದು ನನ್ನಿಂದಲೇ ಅಂತ ಒಪ್ಪಿಕೊಂಡ ಹಾಗಾಗುವುದಿಲ್ಲವೇ?"

ಅಲ್ಲಿಯವರೆಗೆ ನಾನು ಕೊಟ್ಟದ್ದೆಲ್ಲ ಆಕೆ ಕೇಳದಿದ್ದ ಪ್ರಶ್ನೆಗೆ ಉತ್ತರವಾಗಿತ್ತು. "ನಿಮ್ಮಿಂದಲ್ಲ" ಎಂದು ಸಮಾಧಾನ ಹೇಳುವುದು ಸುಲಭವಿತ್ತು. ನನಗೆ ಗೊತ್ತಿಲ್ಲದ್ದನ್ನು ಹೇಳಲು ಮನಸ್ಸಾಗಲಿಲ್ಲ. ಫ್ಲೂ ತಗುಲಿದವರು ಲಕ್ಷಣ ಕಾಣಿಸುವ ಸುಮಾರು ಒಂದು ದಿನ ಮೊದಲೇ ಅದನ್ನು ಹರಡಬಲ್ಲರು, ಕೆಲವರಲ್ಲಿ ಲಕ್ಷಣವೇ ಕಾಣಿಸದು. ಆದ್ದರಿಂದ ಅದು ನೋಡಲು ಬಂದ ಬಂಧುವಿನಿಂದ ಬಂತೋ, ಸಿಬ್ಬಂದಿಯಿಂದ ಬಂತೋ ಎಂದು ಯಾರೂ ಬೆರಳು ತೋರಿಸಲಾಗದು ಎಂದೆ. ಮೈ ಹುಷಾರಿಲ್ಲದ ದಿನ ರಜೆ ಹಾಕಿದರಷ್ಟೇ ಸಾಲದು ಎನ್ನುವುದಕ್ಕೂ ಅದೇ ಕಾರಣ. ವಯಸ್ಸಾದವರ ದೇಹ ಲಸಿಕೆಗೆ ದುರ್ಬಲವಾಗಿ ಸ್ಪಂದಿಸುವುದರಿಂದ ಅವರನ್ನು ಮುಟ್ಟಿ ಆರೈಕೆ ಮಾಡುವವರ ರಕ್ಷಣೆಯೂ ಬೇಕು. ವೈರಾಣು ಬದಲಾಗುತ್ತಿರುವುದರಿಂದ ಲಸಿಕೆಯನ್ನು ಪ್ರತಿ ವರ್ಷ ಹೊಸದಾಗಿ ಪಡೆಯಬೇಕಾಗುತ್ತದೆ. ಈ ವರ್ಷದ ಲಸಿಕೆ ಈ ವರ್ಷದ ಹಿರಿಯರಿಗಾಗಿ, ಹೋದ ವರ್ಷದ ಸಾವಿಗೆ ಸಹಿ ಹಾಕುವುದಕ್ಕಲ್ಲ.

ಹಿಂದೆ ತೀವ್ರ ಅಲರ್ಜಿ ಆಗಿದ್ದರೆ ವೈದ್ಯರಿಗೆ ತಿಳಿಸಬೇಕು, ರಕ್ಷಣೆ ಮೂಡಲು ಸುಮಾರು 2 ವಾರ ಬೇಕಾದ್ದರಿಂದ ಫ್ಲೂ ಕಾಲಕ್ಕೆ ಮುಂಚೆಯೇ ತೀರ್ಮಾನಿಸಬೇಕು ಎಂದು ಸಲಹೆ ನೀಡಿದೆ. ಹಾಕಿಸಿಕೊಳ್ಳಲಿ ಎಂಬುದೇ ನನ್ನ ಆಸೆ ಎಂಬುದನ್ನೂ ಮುಚ್ಚಿಡಲಿಲ್ಲ. ಆಪ್ತಸಲಹೆಗಾರರು ತಟಸ್ಥರಾಗಿರಬೇಕೆಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ನಿರ್ಧಾರ ಆಕೆಯದೇ, ಆದರೆ ತಮ್ಮನ್ನು ಯಾರು ಎತ್ತಿ ಕೂರಿಸಬೇಕೆಂದು ಆರಿಸಿಕೊಳ್ಳಲಾಗದ ಹಿರಿಯರೂ ಆ ಕೋಣೆಯ ಮಾತುಕತೆಯಲ್ಲಿ ಇದ್ದರೆಂದೇ ನಾನು ನಂಬುತ್ತೇನೆ.

ಆಕೆಯ ಅನುಮತಿ ಪಡೆದು ಆಡಳಿತಕ್ಕೆ ಪತ್ರ ಬರೆದೆ: ಪಟ್ಟಿಯನ್ನು ತೆಗೆಯಿರಿ, ರಾತ್ರಿ ಪಾಳಿಯವರಿಗೂ ಕೆಲಸದ ಸ್ಥಳದಲ್ಲೇ ಲಸಿಕೆ ಕೊಡಿಸಿ, ಲಸಿಕೆಯ ನಂತರ ಜ್ವರ ಬಂದರೆ ಆ ದಿನದ ಸಂಬಳ ಕಡಿಯಬೇಡಿ. ಪಟ್ಟಿ ಗೋಡೆಯಿಂದ ಇಳಿಯಿತು. ಸಂಬಳದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಆಕೆ ಪಾಳಿ ಮುಗಿಸಿದ ಒಂದು ಬೆಳಿಗ್ಗೆ ಲಸಿಕೆ ಹಾಕಿಸಿಕೊಂಡರು. ಆಮೇಲೆ, ಆ ಅಜ್ಜಿಯ ಬಗ್ಗೆ ಇನ್ನೂ ಮಾತನಾಡುವುದಿದೆ ಎಂದು ಮತ್ತೊಂದು ಭೇಟಿ ಕೇಳಿದರು.