ಪೈಥಾನ್ ಲೂಪ್‌ನಲ್ಲಿ ಕಂಟಿನ್ಯೂ ಬರೆದರೆ ಪ್ರೋಗ್ರಾಂ ಏಕೆ ಸಿಕ್ಕಿಹಾಕಿಕೊಳ್ಳುತ್ತದೆ? ಬ್ರೇಕ್ ಮತ್ತು ಎಲ್ಸ್ ಹೇಗೆ ಕೆಲಸ ಮಾಡುತ್ತವೆ?

ನಮಸ್ಕಾರ. ನೀವು ಮೂರು ವಿಷಯ ಕೇಳಿದ್ದೀರಿ. ಒಂದರಿಂದ ಹತ್ತರವರೆಗೆ ಪ್ರಿಂಟ್ ಮಾಡುವ ವೈಲ್ ಲೂಪ್‌ನಲ್ಲಿ ಐದನ್ನು ಮಾತ್ರ ಬಿಡಲು ಕಂಟಿನ್ಯೂ ಬರೆದಾಗ, ನಾಲ್ಕರ ನಂತರ ಪ್ರೋಗ್ರಾಂ ಮುಂದಕ್ಕೂ ಹೋಗದೆ ಮುಗಿಯದೆ ನಿಂತುಬಿಡುವುದೇಕೆ. ಒಂದರೊಳಗೆ ಒಂದರಂತೆ ಎರಡು ಲೂಪ್‌ಗಳಿರುವಾಗ ಬ್ರೇಕ್ ಬರೆದರೂ ಹೊರಗಿನದು ಓಡುತ್ತಲೇ ಇರುವುದೇಕೆ. ಲೂಪ್‌ನ ಕೆಳಗೆ ಎಲ್ಸ್ ಬರೆಯುವುದರ ಅರ್ಥವೇನು. ಉಡುಪಿಯಲ್ಲಿ ಸಂಜೆಯ ತರಗತಿಗಳಲ್ಲಿ ಪೈಥಾನ್ ಹೇಳಿಕೊಡುವ ನನಗೆ ಈ ಪ್ರಶ್ನೆಗಳು ಪ್ರತಿ ಬ್ಯಾಚ್‌ನಲ್ಲಿಯೂ ಎದುರಾಗುತ್ತವೆ. ಲೂಪನ್ನು ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಸಾಗಿಸುತ್ತಿರುವುದು ನೀವೋ ಪೈಥಾನೋ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ನಿಮ್ಮ ಗೊಂದಲದ ಬಹುಪಾಲು ತಾನಾಗಿಯೇ ತಿಳಿಯಾಗುತ್ತದೆ.

ವೈಲ್ ಲೂಪ್‌ನಲ್ಲಿ ಸಾಗಿಸುವ ಹೊಣೆ ಪೂರ್ತಿಯಾಗಿ ನಿಮ್ಮದು. ಪೈಥಾನ್ ಪ್ರತಿ ಸುತ್ತಿನ ಆರಂಭದಲ್ಲಿ ಷರತ್ತು ನಿಜವೇ ಎಂದು ನೋಡುತ್ತದೆಯೇ ಹೊರತು, ಎಣಿಕೆಯನ್ನು ಹೆಚ್ಚಿಸುವ ಕೆಲಸಕ್ಕೆ ಕೈಹಾಕುವುದಿಲ್ಲ. ನಿಮ್ಮ ಪ್ರೋಗ್ರಾಂನಲ್ಲಿ ಎಣಿಕೆಗೆ ಒಂದನ್ನು ಕೂಡಿಸುವ ಸಾಲು ಲೂಪ್‌ನ ಕೊನೆಯಲ್ಲಿದೆ, ಕಂಟಿನ್ಯೂ ಅದಕ್ಕಿಂತ ಮೇಲಿದೆ. ಎಣಿಕೆ ಐದಕ್ಕೆ ಬಂದಾಗ ಕಂಟಿನ್ಯೂ ಉಳಿದ ಸಾಲುಗಳನ್ನೆಲ್ಲ ಬಿಟ್ಟು ನೇರವಾಗಿ ಷರತ್ತಿನ ಬಳಿಗೆ ಹಿಂದಿರುಗುತ್ತದೆ. ಕೂಡಿಸುವ ಸಾಲೂ ಹಾಗೆ ಬಿಟ್ಟುಹೋದ ಸಾಲುಗಳಲ್ಲಿ ಒಂದು. ಐದು ಐದಾಗಿಯೇ ಉಳಿಯುತ್ತದೆ, ಷರತ್ತು ನಿಜವಾಗಿಯೇ ಇರುತ್ತದೆ, ಮತ್ತೆ ಕಂಟಿನ್ಯೂ. ಪ್ರೋಗ್ರಾಂ ನಿಂತಂತೆ ಕಂಡರೂ ವಾಸ್ತವದಲ್ಲಿ ಅದು ಅತಿ ವೇಗವಾಗಿ ಅಲ್ಲಿಯೇ ಸುತ್ತುತ್ತಿರುತ್ತದೆ. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಅದನ್ನು ನಿಲ್ಲಿಸಿ, ಕೂಡಿಸುವ ಸಾಲನ್ನು ಕಂಟಿನ್ಯೂಗಿಂತ ಮೇಲಕ್ಕೆ ತನ್ನಿ. ಆಗ ಎಣಿಕೆಯನ್ನು ಸೊನ್ನೆಯಿಂದ ಆರಂಭಿಸಿ, ಷರತ್ತನ್ನು ಹತ್ತಕ್ಕಿಂತ ಕಡಿಮೆ ಎಂದು ಬರೆಯಬೇಕಾಗುತ್ತದೆ.

ಇದೇ ಕೆಲಸವನ್ನು ಫಾರ್ ಲೂಪ್‌ನಲ್ಲಿ ರೇಂಜ್ (ಸಂಖ್ಯೆಗಳನ್ನು ಸಾಲಾಗಿ ಕೊಡುವ ಸೌಲಭ್ಯ) ಬಳಸಿ ಬರೆದಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ಅಲ್ಲಿ ಪೈಥಾನ್ ಒಂದು ಇಟರೇಟರನ್ನು ಇಟ್ಟುಕೊಂಡು, ಪ್ರತಿ ಸುತ್ತಿನಲ್ಲಿ ಅದರಿಂದ ಮುಂದಿನ ಬೆಲೆಯನ್ನು ಕೇಳಿ ಪಡೆಯುತ್ತದೆ; ಕೊಡಲು ಇನ್ನೇನೂ ಇಲ್ಲವಾದಾಗ ಇಟರೇಟರ್ ಸ್ಟಾಪ್‌ಇಟರೇಶನ್ ಎಂಬ ಸೂಚನೆ ನೀಡುತ್ತದೆ, ಲೂಪ್ ಮುಗಿಯುತ್ತದೆ. ಲೂಪ್‌ನ ಒಳಗೆ ನೀವು ಎಣಿಕೆಗೆ ಎರಡನ್ನು ಕೂಡಿಸಿದರೂ ಮುಂದಿನ ಸುತ್ತಿನಲ್ಲಿ ಪೈಥಾನ್ ತನ್ನ ಲೆಕ್ಕದ ಪ್ರಕಾರವೇ ಬೆಲೆ ಕೊಡುತ್ತದೆ. ಸಿ ಭಾಷೆಯಿಂದ ಬಂದ ವಿದ್ಯಾರ್ಥಿಗಳಿಗೆ ಇದು ವಿಚಿತ್ರವಾಗಿ ತೋರುವುದುಂಟು. ಜೊತೆಗೆ, ಹತ್ತರವರೆಗೆ ಬೇಕಿದ್ದರೆ ರೇಂಜ್‌ಗೆ 1 ಮತ್ತು 11 ಕೊಡಬೇಕು, ಏಕೆಂದರೆ ಕೊನೆಯ ಸಂಖ್ಯೆ ಎಣಿಕೆಗೆ ಸೇರುವುದಿಲ್ಲ.

ಆದರೆ ಪೈಥಾನ್ ಸಾಗಿಸುತ್ತಿರುವ ಲೂಪ್‌ನ ಕೆಳಗಿನ ನೆಲವನ್ನೇ ನಾವು ಕದಲಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ನನ್ನ ತಂದೆಯವರ ಮಳೆಯ ಪುಸ್ತಕದಿಂದ. ಪೆರ್ಡೂರಿನ ನಮ್ಮ ಅಡಿಕೆ ತೋಟದಲ್ಲಿ ಮಳೆಮಾಪಕವಿದೆ. ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯುವ ರೂಢಿಯನ್ನು ಅವರು ಎಂದೂ ಬಿಟ್ಟವರಲ್ಲ. ಒಂದು ವರ್ಷ ತುಳುನಾಡಿನ ಮಳೆಗಾಲದ ಆಟಿ ತಿಂಗಳಿನಲ್ಲಿ ಮಾತ್ರ ಆಸ್ಪತ್ರೆಯಲ್ಲಿದ್ದ ಕಾರಣ ಎರಡು ದಿನ ಅಳತೆ ತಪ್ಪಿತ್ತು. ಆ ಪುಟಗಳನ್ನು ಕಂಪ್ಯೂಟರಿಗೆ ಏರಿಸುವಾಗ ಖಾಲಿ ದಿನಗಳಿಗೆ ನಾನು ‑1 ಎಂದು ತುಂಬಿದೆ. ಬಳಿಕ ಫಾರ್ ಲೂಪ್‌ನಲ್ಲಿ ಪಟ್ಟಿಯನ್ನು ನೋಡುತ್ತ, ‑1 ಸಿಕ್ಕಿದೊಡನೆ ಅದೇ ಪಟ್ಟಿಯಿಂದ ಅದನ್ನು ರಿಮೂವ್ ಮಾಡುತ್ತ ಹೋಗಿ, ಕೊನೆಗೆ ತಿಂಗಳ ಮೊತ್ತ ತೆಗೆದೆ. ತಂದೆಯವರು ಕೈಯಲ್ಲಿ ಕೂಡಿ ಪುಟದ ಅಡಿಯಲ್ಲಿ ಬರೆದಿದ್ದ ಮೊತ್ತಕ್ಕಿಂತ ನನ್ನದು ಸರಿಯಾಗಿ ಒಂದು ಮಿಲಿಮೀಟರ್ ಕಡಿಮೆ ಬಂತು. ಅವರು ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿಟ್ಟು, "ಇನ್ನೊಮ್ಮೆ ನೋಡು" ಎಂದರು.

ತಪ್ಪು ನನ್ನ ಲೂಪ್‌ನಲ್ಲಿತ್ತು. ಪಟ್ಟಿಯ ಮೇಲೆ ನಡೆಯುವ ಫಾರ್ ಲೂಪ್ ತಾನು ಎಷ್ಟನೆಯ ಸ್ಥಾನದಲ್ಲಿದ್ದೇನೆ ಎಂಬುದನ್ನಷ್ಟೇ ನೆನಪಿಡುತ್ತದೆ. ಪಟ್ಟಿ 12, ‑1, ‑1, 8 ಎಂದಿರಲಿ. ಎರಡನೆಯ ಸ್ಥಾನದ ‑1 ಅಳಿದೊಡನೆ ಮೂರನೆಯ ಸ್ಥಾನದಲ್ಲಿದ್ದ ‑1 ಎರಡನೆಯದಕ್ಕೆ ಸರಿಯುತ್ತದೆ. ಲೂಪ್ ಮಾತ್ರ ಮೂರನೆಯ ಸ್ಥಾನಕ್ಕೆ ಹೆಜ್ಜೆಯಿಟ್ಟು ಅಲ್ಲಿ 8ನ್ನು ಕಾಣುತ್ತದೆ. ಹೀಗೆ ಒಂದು ‑1 ಯಾರ ಕಣ್ಣಿಗೂ ಬೀಳದೆ ಉಳಿದು ಮೊತ್ತದಿಂದ ಒಂದನ್ನು ಕಳೆದಿತ್ತು. ಡಿಕ್ಷನರಿಯ (ಕೀಲಿ ಮತ್ತು ಬೆಲೆಗಳ ಜೋಡಿಗಳ ಸಂಗ್ರಹ) ಮೇಲೆ ಲೂಪ್ ನಡೆಯುತ್ತಿರುವಾಗ ಅದರ ಗಾತ್ರ ಬದಲಾದರೆ ಪೈಥಾನ್ ರನ್‌ಟೈಮ್ ಎರರ್ ನೀಡಿ ಎಚ್ಚರಿಸುತ್ತದೆ, ಪಟ್ಟಿಯ ವಿಷಯದಲ್ಲಿ ಅಂಥ ಎಚ್ಚರಿಕೆ ಇಲ್ಲ. ನೋಡಿದರೆ, ನಾನು ಏನನ್ನೂ ಅಳಿಸುವ ಅಗತ್ಯವೇ ಇರಲಿಲ್ಲ: ಮಳೆಯ ಬೆಲೆ ಸೊನ್ನೆಗಿಂತ ಕಡಿಮೆಯಿದ್ದರೆ ಕಂಟಿನ್ಯೂ ಎಂದು ಬರೆದು, ಅದರ ಕೆಳಗಿನ ಸಾಲಿನಲ್ಲಿ ಮೊತ್ತಕ್ಕೆ ಕೂಡಿಸಿದ್ದರೆ ಸಾಕಿತ್ತು. ಕಂಟಿನ್ಯೂ ಇರುವುದೇ ಇಂಥ ಕೆಲಸಕ್ಕೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಬ್ರೇಕ್ ತನ್ನನ್ನು ಸುತ್ತುವರಿದಿರುವ ಅತ್ಯಂತ ಒಳಗಿನ ಲೂಪನ್ನು ಮಾತ್ರ ಮುರಿಯುತ್ತದೆ. ಹೊರಗಿನ ಲೂಪ್ ವರ್ಷಗಳ ಮೇಲೆ, ಒಳಗಿನದು ಆಯಾ ವರ್ಷದ ದಿನಗಳ ಮೇಲೆ ನಡೆಯುತ್ತಿದ್ದು, ಇನ್ನೂರು ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದ ಮೊದಲ ದಿನವನ್ನು ಹುಡುಕುತ್ತೀರಿ ಎಂದಿಟ್ಟುಕೊಳ್ಳಿ. ಆ ದಿನ ಸಿಕ್ಕಿದಾಗ ಬ್ರೇಕ್ ಬರೆದರೆ ಆ ವರ್ಷದ ಹುಡುಕಾಟ ನಿಲ್ಲುತ್ತದೆ, ಹೊರಗಿನ ಲೂಪ್ ಮುಂದಿನ ವರ್ಷಕ್ಕೆ ಹೋಗುತ್ತದೆ. ಲೂಪ್‌ಗಳಿಗೆ ಹೆಸರು ಕೊಟ್ಟು ಬೇಕಾದದ್ದನ್ನು ಮುರಿಯುವ ಸೌಲಭ್ಯ ಬೇಕೆಂದು ಪೆಪ್ 3136 (ಪೆಪ್ ಎಂದರೆ ಪೈಥಾನ್ ಭಾಷೆಯ ಸುಧಾರಣೆಯ ಪ್ರಸ್ತಾವ) ಬಂದಿತ್ತು. ಭಾಷೆಯನ್ನು ರೂಪಿಸಿದ ಗೈಡೋ ವ್ಯಾನ್ ರಾಸಮ್ ಅದನ್ನು 2007ರಲ್ಲಿ ತಿರಸ್ಕರಿಸಿದರು. ಅಂಥ ಸೌಲಭ್ಯ ಬೇಕಾಗುವಷ್ಟು ಜಟಿಲವಾದ ಕೋಡ್ ಬಹಳ ಅಪರೂಪ, ಹೆಚ್ಚಿನ ಕಡೆ ಫಂಕ್ಷನ್ (ಹೆಸರಿಟ್ಟ ಕೋಡಿನ ತುಣುಕು) ಬಿಟ್ಟು ಹೊರಬರುವ ರಿಟರ್ನ್ ಬಳಸಿ ಸ್ವಚ್ಛವಾಗಿ ಬರೆಯಬಹುದು ಎಂಬುದು ಅವರ ನಿಲುವು. ನನ್ನ ಅನುಭವವೂ ಅದೇ. ಎರಡೂ ಲೂಪ್‌ಗಳನ್ನು ಒಂದು ಫಂಕ್ಷನ್‌ನ ಒಳಗಿಟ್ಟು, ದಿನ ಸಿಕ್ಕಿದೊಡನೆ ವರ್ಷವನ್ನೂ ದಿನವನ್ನೂ ರಿಟರ್ನ್ ಮಾಡಿ. ಒಂದೇ ಹೆಜ್ಜೆಗೆ ಎರಡರಿಂದಲೂ ಹೊರಬರುತ್ತೀರಿ. 'ಸಿಕ್ಕಿತು' ಎಂಬ ಸತ್ಯ‑ಸುಳ್ಳಿನ ವೇರಿಯೇಬಲ್ ಇಟ್ಟು ಹೊರಗಿನ ಲೂಪ್‌ನಲ್ಲಿ ಪರೀಕ್ಷಿಸುವ ವಿಧಾನವನ್ನೂ ಪಠ್ಯಗಳಲ್ಲಿ ಕಾಣುತ್ತೀರಿ. ಅದು ನಡೆಯುತ್ತದೆ, ಆದರೆ ಆ ಪರೀಕ್ಷೆಯನ್ನು ಒಂದು ಕಡೆ ಮರೆತರೂ ತಪ್ಪು ಹಿಡಿಯುವುದು ಕಷ್ಟ.

ಎಲ್ಸ್ ವಿಷಯದಲ್ಲಿ ಗೊಂದಲ ಸಹಜ, ಏಕೆಂದರೆ ಇಲ್ಲಿ ಆ ಪದ ಇಫ್‌ನ ಜೊತೆಗಿರುವ ಅರ್ಥದಲ್ಲಿ ಬಂದಿಲ್ಲ. ಫಾರ್ ಅಥವಾ ವೈಲ್‌ನ ಕೆಳಗೆ, ಸಾಲಿನ ಮೊದಲು ಅದರಷ್ಟೇ ಜಾಗ ಬಿಟ್ಟು, ಅಂದರೆ ಅದರಷ್ಟೇ ಇಂಡೆಂಟ್‌ನಲ್ಲಿ ಬರೆದ ಎಲ್ಸ್, ಲೂಪ್ ಬ್ರೇಕ್ ಆಗದೆ ಸಹಜವಾಗಿ ಮುಗಿದಾಗ ಮಾತ್ರ ನಡೆಯುತ್ತದೆ. ಅದನ್ನು "ಬ್ರೇಕ್ ಆಗದಿದ್ದರೆ" ಎಂದೇ ಓದಿಕೊಳ್ಳಿ. ಮೇಲಿನ ಹುಡುಕಾಟದಲ್ಲಿ, ಆ ವರ್ಷ ಅಂಥ ಮಳೆಯ ದಿನವೇ ಇರಲಿಲ್ಲ ಎಂದು ಹೇಳುವ ಸಾಲಿಗೆ ಒಳಗಿನ ಲೂಪ್‌ನ ಎಲ್ಸ್ ತಕ್ಕ ಜಾಗ. ಪಟ್ಟಿ ಖಾಲಿಯಿದ್ದರೂ ಎಲ್ಸ್ ನಡೆಯುತ್ತದೆ. ಕಂಟಿನ್ಯೂ ಎಷ್ಟು ಬಾರಿ ಬಂದರೂ ಅದಕ್ಕೆ ಅಡ್ಡಿಯಿಲ್ಲ.

ಹಾಗಾದರೆ ವೈಲ್ ಯಾವಾಗ ಬೇಕು ಎಂದು ನೀವು ಮುಂದೆ ಕೇಳಬಹುದು. ಸುತ್ತುಗಳು ಎಷ್ಟೆಂದು ಮೊದಲೇ ತಿಳಿಯದಿರುವಾಗ, ಉದಾಹರಣೆಗೆ ಬಳಕೆದಾರರು ಸರಿಯಾದ ಸಂಖ್ಯೆ ಕೊಡುವವರೆಗೆ ಕೇಳುತ್ತಲೇ ಇರಬೇಕಾದಾಗ, ಅದು ಬೇಕು. ಪೈಥಾನ್‌ನಲ್ಲಿ ಡೂ‑ವೈಲ್ (ಮೊದಲು ಒಮ್ಮೆ ನಡೆದು ಆಮೇಲೆ ಷರತ್ತು ನೋಡುವ ಲೂಪ್) ಇಲ್ಲದ ಕಾರಣ ವೈಲ್ ಟ್ರೂ (ಷರತ್ತು ಯಾವಾಗಲೂ ನಿಜ) ಎಂದು ಆರಂಭಿಸಿ, ಸರಿಯಾದ ಉತ್ತರ ಬಂದಾಗ ಬ್ರೇಕ್ ಮಾಡುವುದು ಒಪ್ಪಿತವಾದ ಕ್ರಮವೇ ಆಗಿದೆ. ನಿಮ್ಮ ಪ್ರೋಗ್ರಾಂ ಅನ್ನು ಮೊದಲು ವೈಲ್‌ನಲ್ಲಿಯೇ ಸರಿಪಡಿಸಿ, ಪ್ರತಿ ಸುತ್ತಿನ ಮೊದಲ ಸಾಲಿನಲ್ಲಿ ಎಣಿಕೆಯನ್ನು ಪ್ರಿಂಟ್ ಮಾಡಿ ನೋಡಿ. ಆಮೇಲೆ ಫಾರ್‌ಗೆ ಬದಲಿಸಿ ಬರೆಯಿರಿ. ಆಗಲೂ ಐದರ ಬಳಿ ಸಿಕ್ಕಿಕೊಂಡರೆ ಪೂರ್ತಿ ಕೋಡನ್ನು ಇಂಡೆಂಟ್ ಸಹಿತ ಹಾಕಿ, ಸಾಲು ಸಾಲಾಗಿ ನೋಡಿ ಹೇಳುತ್ತೇನೆ.