ಮಗ ಕಳಿಸಿದ ಮ್ಯಾಪಿನಲ್ಲಿ ಬರೀ ಗೆರೆಗಳು

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾನೆ. ಮುಂದಿನ ತಿಂಗಳು ಗೆಳೆಯರ ಜೊತೆ 'ಲಾಸ್ಟ್ ಕೋಸ್ಟ್' ಎಂಬ ಕಡಲತೀರದಲ್ಲಿ ಮೂರು ದಿನ ನಡೆಯುತ್ತಾನಂತೆ. ಒಂದು ಮ್ಯಾಪ್ ಕಳಿಸಿದ್ದಾನೆ. ತುಂಬಾ ಕಂದು ಗೆರೆಗಳು, ಊರಿನ ಹೆಸರೇ ಕಾಣಲ್ಲ. ಇದನ್ನು ಓದುವುದು ಹೇಗೆ? ಮ್ಯಾಪ್ ಒಂದಿದ್ದರೆ ಸಾಕಾ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಆ ಕಡೆ ಊರುಗಳೇ ಕಡಿಮೆ. ಕಡಲಂಚಿನಲ್ಲೇ ಸಾಗುವ ಹೆದ್ದಾರಿ 1 ಕೂಡ ಬೆಟ್ಟ ತೀರಾ ಕಡಿದು ಅಂತ ಅಲ್ಲಿ ಒಳನಾಡಿಗೆ ತಿರುಗಿಬಿಡುತ್ತದೆ. ಕಿಂಗ್ ರೇಂಜ್ ಎಂಬ ಆ ಬೆಟ್ಟಸಾಲು 1970ರಿಂದ ಸಂರಕ್ಷಿತ ಪ್ರದೇಶ.

ಇನ್ನು ಗೆರೆಗಳು. ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಎಳೆದದ್ದು ಒಂದು ಗೆರೆ. ಪಕ್ಕದ ಗೆರೆಗೆ ಹೋದರೆ ಎಷ್ಟು ಏರಿದಂತೆ ಅಂತ ಮ್ಯಾಪಿನ ಕೆಳಗಡೆ ಬರೆದಿರುತ್ತದೆ, ಅಲ್ಲಿನ 1:24,000 ಅಳತೆಯ (ಅಂದರೆ ಹಾಳೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 240 ಮೀಟರ್) ಹಾಳೆಗಳಲ್ಲಿ ಇಂಥ ಬೆಟ್ಟದ ಕಡೆ ಸಾಮಾನ್ಯವಾಗಿ 40 ಅಡಿ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಸಮತಟ್ಟು. ನಿಮ್ಮ ನಂದಿಬೆಟ್ಟವನ್ನೇ ತಗೊಳ್ಳಿ. 1,478 ಮೀಟರ್ ನಿಜ, ಆದರೆ ನಿಮ್ಮ ಊರೇ ಸುಮಾರು 900 ಮೀಟರ್ ಮೇಲಿದೆ, ಹಾಗಾಗಿ ನಾವು ಹತ್ತುವುದು 600 ಮೀಟರಿಗೂ ಕಡಿಮೆ. ಮಗ ಹೋಗುವ ಕಡೆಯ ಕಿಂಗ್ ರೇಂಜಿನ ಶಿಖರ ಕಿಂಗ್ ಪೀಕ್ ಸುಮಾರು 1,246 ಮೀಟರ್, ಆದರೆ ಕಡಲಿನಿಂದ ಬರೀ ಐದು ಕಿಲೋಮೀಟರ್ ದೂರದಲ್ಲಿದೆ. ಅಷ್ಟೂ ಎತ್ತರ ನೀರಿನ ಅಂಚಿನಿಂದಲೇ ಶುರು! ಗೆರೆಗಳು ಒಂದರ ಮೇಲೊಂದು ಬಿದ್ದಂತೆ ಕಾಣುವುದು ಅದಕ್ಕೇ.

ಮ್ಯಾಪ್ ಒಂದೇ ಸಾಕಾಗಲ್ಲ, ಇದನ್ನು ಮಗನಿಗೆ ಖಂಡಿತ ಹೇಳಿ. ಕಡಲಂಚು ಅಂತ ಎಳೆದಿರುವ ಗೆರೆ ಉಬ್ಬರದ ಸರಾಸರಿ ಮಟ್ಟದ್ದು. ನೀರು ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಅದರ ವೇಳೆ ಮ್ಯಾಪಿನಲ್ಲಿ ಇರಲ್ಲ. ಸುಮಾರು 40 ಕಿಲೋಮೀಟರ್ ದಾರಿಯಲ್ಲಿ ತಲಾ ಆರು ಕಿಲೋಮೀಟರಿಗೂ ಜಾಸ್ತಿ ಉದ್ದದ ಎರಡು ಕಡೆ, ಉಬ್ಬರ ಬಂದರೆ ನಡೆಯಲು ಮರಳೇ ಉಳಿಯಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಆ ಒತ್ತೊತ್ತು ಗೆರೆಗಳ ಬೆಟ್ಟ, ಓಡಿಹೋಗಲು ಜಾಗ ಎಲ್ಲಿ?

ಅದಕ್ಕೆ ಅವನು ಉಬ್ಬರ-ಇಳಿತದ ವೇಳಾಪಟ್ಟಿ ಇಟ್ಟುಕೊಳ್ಳಲೇಬೇಕು. ಆ ಎರಡು ಭಾಗಗಳಿಗೆ ಮ್ಯಾಪಿನ ಮೇಲೇ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ಆಯಾ ದಿನ ನೀರು ಇಳಿಯುವ ಹೊತ್ತು ಬರೆದುಕೊಳ್ಳಲಿ. ಹಾಳೆ ನೆನೆಯದಂತೆ ಪ್ಲಾಸ್ಟಿಕ್ ಕವರಿಗೆ ಹಾಕಲಿ. ಹೊರಡುವ ಮುಂಚೆ ಅದರ ಫೋಟೊ ನಿಮಗೂ ಕಳಿಸಲಿ. ಆ ದಾರಿಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಮೂರು ದಿನ ಫೋನ್ ಬರಲಿಲ್ಲ ಅಂತ ಗಾಬರಿಯಾಗಬೇಡಿ, ವಾಪಸ್ ಬಂದು ಎಷ್ಟು ಹೊತ್ತಿಗೆ ಫೋನ್ ಮಾಡ್ತೀಯ ಅಂತ ಈಗಲೇ ಕೇಳಿಟ್ಟುಕೊಳ್ಳಿ.